ಶೇಕಡಾವಾರು ಹೇಳದ ಲೆಕ್ಕ

ಪ್ರಶ್ನೆ: ಕೊಡಗಿನ ಎಸ್‌ಎಸ್‌ಎಲ್‌ಸಿ ಫಲಿತಾಂಶ 2024ರಲ್ಲಿ ಶೇ 88.67 ಇದ್ದದ್ದು 2025ರಲ್ಲಿ ಶೇ 82.21ಕ್ಕೆ ಇಳಿಯಿತು. ಸರ್ಕಾರಿ ಶಾಲೆಗಳ ಗುಣಮಟ್ಟ ಒಂದೇ ವರ್ಷದಲ್ಲಿ ಇಷ್ಟು ಕುಸಿಯಿತೇ?
– ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಈ ಎರಡು ಅಂಕಿಗಳ ಬಲದಿಂದ ಹಾಗೆನ್ನಲಾಗದು. ಮೊದಲನೆಯದಾಗಿ, ಇವು ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳೆಲ್ಲವನ್ನೂ ಒಟ್ಟು ಸೇರಿಸಿದ ಲೆಕ್ಕ. ಎರಡನೆಯದಾಗಿ, 2024ರಲ್ಲಿ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ಪ್ರಸಾರ) ಕಾವಲಿನಲ್ಲಿ ಪರೀಕ್ಷೆ ನಡೆದು ಫಲಿತಾಂಶ ಪಾತಾಳಕ್ಕಿಳಿಯುವಂತೆ ಕಂಡಾಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ್ದರು. 2025ರಲ್ಲಿ ಆ ಊರುಗೋಲು ಇರಲಿಲ್ಲ, ರಾಜ್ಯದ ಫಲಿತಾಂಶವೂ ಶೇ 73.40ರಿಂದ 62.34ಕ್ಕೆ ಇಳಿಯಿತು. 2025-26ನೇ ಸಾಲಿನಿಂದ ಉತ್ತೀರ್ಣತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30ರ ಜೊತೆಗೆ ಒಟ್ಟು 625ಕ್ಕೆ 206 ಅಂಕ, ಅಂದರೆ ಶೇ 33 ಸಾಕೆಂದು ನಿಯಮವೇ ಬದಲಾಗಿದೆ. ವರ್ಷಕ್ಕೊಂದು ಸೇರಿನಲ್ಲಿ ಅಳೆದ ಭತ್ತವನ್ನು ಹೋಲಿಸಿ ಫಸಲಿನ ಏರಿಳಿತ ಹೇಳುವುದು ಹೇಗೆ?

ನನ್ನ ಚಿಂತೆ ಬೇರೆಯದು. ಶೇಕಡಾವಾರು ಲೆಕ್ಕ ಪರೀಕ್ಷೆಗೆ ಹಾಜರಾದವರದ್ದು ಮಾತ್ರ. ಒಂಬತ್ತನೆಯ ತರಗತಿಯಲ್ಲೇ ಶಾಲೆ ಬಿಟ್ಟ ಮಗು ಅದರಲ್ಲಿ ಅನುತ್ತೀರ್ಣವೂ ಅಲ್ಲ, ಇಲ್ಲವೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 14 ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದಾಚೆ ತೋಟದ ಕಾರ್ಮಿಕರ ಲೈನ್ ಮನೆಗಳ ಮತ್ತು ಆದಿವಾಸಿಗಳ ಹಾಡಿಗಳ ಮಕ್ಕಳ ಪಾಡೇನು? ಡಿಸೆಂಬರಿನಿಂದ ಕಾಫಿ ಕೊಯ್ಲು ಬಿರುಸಾಗುತ್ತದೆ. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ರೊಬಸ್ಟಾ ಕೊಯ್ಲು ಇನ್ನೂ ನಡೆಯುತ್ತಿರುತ್ತದೆ, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ಬೇಕಾಗುತ್ತಾರೆ. ಸಂಜೆಯ ವಿಶೇಷ ತರಗತಿಗೆ ನಿಂತರೆ ಕೊನೆಯ ಬಸ್ಸು ತಪ್ಪುತ್ತದೆ, ತೋಟದ ದಾರಿಯಲ್ಲಿ ಆನೆಯ ಭಯ. ಇವು ಗೋಣಿಕೊಪ್ಪದ ತಮಗೆ ತಿಳಿಯದ ಸಂಗತಿಗಳಲ್ಲ.

ಹನ್ನೆರಡು ಮಕ್ಕಳು ಪರೀಕ್ಷೆ ಬರೆಯುವ ಶಾಲೆಯಲ್ಲಿ ಒಬ್ಬ ಅನುತ್ತೀರ್ಣನಾದರೂ ಫಲಿತಾಂಶ ಎಂಟು ಅಂಶಕ್ಕಿಂತ ಹೆಚ್ಚು ಇಳಿಯುತ್ತದೆ. ನೂರಕ್ಕೆ ನೂರು ಎಂಬ ಫಲಕದ ಆಸೆಗೆ, ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಮೊದಲೇ ಸಾಗಹಾಕುವ ಮನಸ್ಸಾಗುವುದು ಇಂಥಲ್ಲೇ (ಖಾಸಗಿ ಶಾಲೆಗಳೂ ಇದಕ್ಕೆ ಹೊರತಲ್ಲ). ಆದ್ದರಿಂದ ತಾವು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗಿ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕೇಳಿ: ಎರಡು ವರ್ಷದ ಹಿಂದೆ ಎಂಟನೆಯ ತರಗತಿಯಲ್ಲಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿಯ ಪರೀಕ್ಷೆ ಬರೆದರು, ಗಣಿತ ಮತ್ತು ವಿಜ್ಞಾನಕ್ಕೆ ಶಿಕ್ಷಕರಿಲ್ಲದೆ ಎಷ್ಟು ತಿಂಗಳು ಕಳೆದವು, ಅತಿಥಿ ಶಿಕ್ಷಕರು ಬಂದದ್ದು ಯಾವಾಗ? ಶಾಲೆಯ ಗುಣಮಟ್ಟ ಗೊತ್ತಾಗುವುದು ಆ ಉತ್ತರಗಳಲ್ಲಿ.

ಪ್ರಶ್ನೆ: ಮಗ ಗಣಿತವೊಂದರಲ್ಲಿ ಅನುತ್ತೀರ್ಣನಾಗಿದ್ದಾನೆ. ಒಂದು ವರ್ಷ ತೋಟದ ಕೆಲಸಕ್ಕೆ ಕಳುಹಿಸಿ, ಮುಂದಿನ ಸಲ ಬರೆಸಲೇ?
– ತಾಯಿಯೊಬ್ಬರು, ಸೋಮವಾರಪೇಟೆ

ಉತ್ತರ: ಬೇಡ. 2023-24ರಿಂದ ಅದೇ ವರ್ಷ ಮತ್ತೆ ಬರೆಯಲು ಪರೀಕ್ಷೆ-2 ಇದೆ. ಅದರಲ್ಲಿ ಗಣಿತವನ್ನು ಮಾತ್ರ ಬರೆದರೆ ಸಾಕು. ನೋಂದಣಿಗೆ ದೊರೆಯುವ ದಿನಗಳು ಕಡಿಮೆಯಾದ್ದರಿಂದ ಇಂದೇ ಮುಖ್ಯ ಶಿಕ್ಷಕರನ್ನು ಕಾಣಿ. ಅಂಕದ ಬಗ್ಗೆ ಅನುಮಾನವಿದ್ದರೆ ಉತ್ತರ ಪತ್ರಿಕೆಯ ಪ್ರತಿಯನ್ನು ತರಿಸಿ ನೋಡಿ, ಆಮೇಲೆ ಮರುಮೌಲ್ಯಮಾಪನದ ಯೋಚನೆ ಮಾಡಿ. ತೋಟದ ಕೆಲಸದ ಮಾತನ್ನು ಅಲ್ಲಿಯವರೆಗೆ ಅವನ ಮುಂದೆ ಎತ್ತಬೇಡಿ.