ಒಣ ಊರು ಹುಡುಕಿದ ಹುಡುಗಿ

ನನ್ನ ಬಳಿ ಆಪ್ತಸಲಹೆಗೆ ಬಂದ ಈ ಪ್ರಕರಣದ ಹುಡುಗಿಯನ್ನು ವಿಭಾ ಎಂದು ಕರೆಯುತ್ತೇನೆ. ಹೆಸರು, ಮನೆತನ, ಊರಿನ ಗುರುತು ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ಒಪ್ಪಿಗೆ ಅವಳೇ ಕೊಟ್ಟಿದ್ದಾಳೆ. ಮಳೆಯೊಂದನ್ನು ಮಾತ್ರ ಇದ್ದ ಹಾಗೆ ಬಿಟ್ಟಿದ್ದೇನೆ. ಅದನ್ನೂ ಬದಲಿಸಿದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಅವಳು ಮೊದಲ ಸಲ ಬಂದದ್ದು ಜುಲೈನಲ್ಲಿ, ಪುನರ್ವಸು ಮಳೆ ಹಿಡಿದಿದ್ದ ವಾರ. ತೀರ್ಥಹಳ್ಳಿಯಿಂದಾಚೆ, ಆಗುಂಬೆಯ ದಿಕ್ಕಿನ ಒಂದು ಒಂಟಿಮನೆಯಿಂದ ಎರಡು ಬಸ್ಸು ಬದಲಿಸಿ ಶಿವಮೊಗ್ಗಕ್ಕೆ ಬಂದಿದ್ದಳು. ಇಪ್ಪತ್ಮೂರು ವರ್ಷ, ಹಿಂದಿನ ವರ್ಷ ಬಿ.ಕಾಂ. ಮುಗಿಸಿದವಳು, ಟ್ಯಾಲಿ ಮತ್ತು ಜಿಎಸ್‌ಟಿ ಲೆಕ್ಕ ಬಲ್ಲವಳು. ಕುಳಿತ ಕೂಡಲೇ ದುಪಟ್ಟಾವನ್ನು ಮೂಗಿನ ಬಳಿ ಹಿಡಿದು, "ಹೊಗೆಯ ವಾಸನೆ ಬರುತ್ತಿದೆಯೇ? ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ ಬಟ್ಟೆ" ಎಂದಳು. ಬರುತ್ತಿತ್ತು. ಇಲ್ಲ ಎಂದೆ. ಆಪ್ತಸಲಹೆ ಸುಳ್ಳಿನಿಂದ ಶುರುವಾಗಬಾರದು, ಆದರೂ ಎಂದೆ.

ಅವಳ ಪ್ರಶ್ನೆ ಒಂದೇ: "ಬೆಚ್ಚಗಿರುವ, ನನ್ನ ಸಂಬಳಕ್ಕೆ ಎಟುಕುವ ಒಂದು ಊರು ಹೇಳಿ. ನಾನು ಅಲ್ಲಿಗೆ ಹೋಗಿ ಇರಬೇಕು."

ಇಂಥ ಪ್ರಶ್ನೆಯನ್ನು ನೇರವಾಗಿ ನಂಬಬಾರದು ಎಂಬುದು ನಮ್ಮ ವೃತ್ತಿಯ ಕೆಟ್ಟ ಚಾಳಿ. ಊರು ಬಿಡುತ್ತೇನೆ ಎನ್ನುವವರ ಹಿಂದೆ ಅಪ್ಪನ ಸಿಟ್ಟೋ ಮದುವೆಯ ಒತ್ತಾಯವೋ ಮುರಿದ ಪ್ರೀತಿಯೋ ಇರುತ್ತದೆಂದು ನಾವು ಮೊದಲೇ ತೀರ್ಮಾನಿಸಿರುತ್ತೇವೆ. ಎರಡು ಭೇಟಿಗಳನ್ನು ನಾನು ಅದರಲ್ಲೇ ಕಳೆದೆ. ಅಪ್ಪ ಹೇಗೆ, ಅಮ್ಮ ಹೇಗೆ, ಸಂಬಂಧ ನೋಡುತ್ತಿದ್ದಾರೆಯೇ ಎಂದು ಕೇಳಿದೆ. ಅವಳು ಎಲ್ಲಕ್ಕೂ ವಿನಯದಿಂದ ಉತ್ತರಿಸಿದಳು. ಮೂರನೆಯ ಭೇಟಿಯಲ್ಲಿ ಕೊಂಚ ಬೇಸರದಿಂದಲೇ, "ನಾನು ನಿಜವಾಗಿಯೂ ಮಳೆಯ ವಿಷಯವನ್ನೇ ಹೇಳುತ್ತಿದ್ದೇನೆ" ಎಂದಳು.

ಆಮೇಲೆ ಅವಳು ಹೇಳಿದ್ದನ್ನು ಕೇಳುತ್ತ ನನಗೆ ನಾಚಿಕೆಯಾಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಅದರ ನೆರೆಯಲ್ಲಿ ಬದುಕುವುದೆಂದರೆ ಟ್ರಂಕಿನೊಳಗಿನ ಅಂಕಪಟ್ಟಿಗೆ ಬೂಸಲು ಹಿಡಿಯುವುದು. ದಿಂಬು, ಚಪ್ಪಲಿ, ಗೋಡೆ ಎಲ್ಲದರ ಮೇಲೂ ಹಸಿರು ಪುಡಿ. ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ. ಬೆಳಗಿನ ಜಾವ ಮೂರಕ್ಕೆ ಉಬ್ಬಸ. ಹೈಸ್ಕೂಲಿನಿಂದಲೂ ಅವಳಿಗೆ ಉಬ್ಬಸವಿದೆ. ಮೃಗಶಿರದಲ್ಲಿ ಶುರುವಾದರೆ ದಸರಾ ಕಳೆಯುವವರೆಗೆ ಬಿಡುವುದಿಲ್ಲ.

ಇದನ್ನು ಮನೆಯಲ್ಲಿ ಹೇಳಲಾರಳು. ಚಿಕ್ಕಮ್ಮ ಹೋಂಸ್ಟೇ ನಡೆಸುತ್ತಾರೆ. ಬೆಂಗಳೂರಿನವರು ದುಡ್ಡು ಕೊಟ್ಟು ಬಂದು, ಅಂಗಳದ ಮಳೆಯಲ್ಲಿ ನಿಂತು ಫೋಟೊ ತೆಗೆಸಿಕೊಂಡು, "ನೀವೆಲ್ಲ ಪುಣ್ಯ ಮಾಡಿದ್ದೀರಿ" ಎಂದು ಹೇಳಿ ಹೋಗುತ್ತಾರೆ. ಅಷ್ಟು ಪುಣ್ಯದ ನಡುವೆ ನನಗೆ ಮಳೆ ಸಾಕಾಗಿದೆ ಎನ್ನುವುದು ಹೇಗೆ? ಅಮ್ಮನ ಪ್ರಕಾರ ತೋಟ ನಿಂತಿರುವುದೇ ಮಳೆಯಿಂದ, ಅದನ್ನು ಬೈಯಬಾರದು. ಕೊಳೆರೋಗ ಬಂದು ಹಸಿ ಅಡಿಕೆ ಉದುರುವಾಗ ಬೋರ್ಡೋ ದ್ರಾವಣದ ಡ್ರಮ್ಮಿನ ಪಕ್ಕ ನಿಂತ ಅಪ್ಪ ಅದೇ ಮಳೆಯನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಆ ಹಕ್ಕು ತೋಟದ ಯಜಮಾನನಿಗೆ ಮಾತ್ರ.

ನಾನು ಮೊದಲು ಕೊಟ್ಟ ಸಲಹೆಗೂ ಊರಿಗೂ ಸಂಬಂಧವಿರಲಿಲ್ಲ. ಶ್ವಾಸಕೋಶದ ವೈದ್ಯರಲ್ಲಿಗೆ ಹೋಗಿ ಉಸಿರಾಟದ ಪರೀಕ್ಷೆ ಮಾಡಿಸು ಎಂದೆ. ಅವಳ ಬಳಿ ಇನ್‌ಹೇಲರ್ ಇತ್ತು. ಉಸಿರು ಕಟ್ಟಿದಾಗ ಮಾತ್ರ ಎಳೆದುಕೊಳ್ಳುತ್ತಿದ್ದಳು. ದಿನವೂ ತೆಗೆದುಕೊಳ್ಳಬೇಕಾದ ಇನ್ನೊಂದನ್ನು, "ಅಭ್ಯಾಸವಾಗಿಬಿಡುತ್ತದೆ" ಎಂದು ಅಜ್ಜಿ ನಿಲ್ಲಿಸಿದ್ದರು. ಮಲೆನಾಡಿನಲ್ಲಿ ಈ ಮಾತು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅದು ತಪ್ಪು, ಅದು ಚಟ ಹಿಡಿಸುವ ಔಷಧವಲ್ಲ, ಶ್ವಾಸನಾಳದ ಊತ ಇಳಿಸುವ ಔಷಧ. ತೇವ ಮತ್ತು ಬೂಸಲು ಉಬ್ಬಸವನ್ನು ಕೆರಳಿಸುತ್ತವೆ ಎಂಬುದು ನಿಜ. ಆದರೆ ಬಯಲುಸೀಮೆಯಲ್ಲಿ ಧೂಳಿದೆ, ಕಾಂಗ್ರೆಸ್ ಗಿಡದ ಪರಾಗವಿದೆ. ಒಣ ಊರಿಗೆ ಹೋದ ಮೇಲೂ ಉಬ್ಬಸ ಬಂದರೆ ಆಗ ಯಾವ ಊರಿಗೆ ಹೋಗುತ್ತೀ ಎಂದು ಕೇಳಿದೆ. ಮೊದಲು ಔಷಧ ಸರಿಹೋಗಲಿ, ಆಮೇಲೂ ಹೋಗಬೇಕೆನಿಸಿದರೆ ಅದು ನಿನ್ನ ಇಷ್ಟದ ಪ್ರಯಾಣ, ಕಾಯಿಲೆಯಿಂದ ಓಟವಲ್ಲ ಎಂದೆ. ಡಿಸೆಂಬರ್ ಹೊತ್ತಿಗೆ ಅವಳು ರಾತ್ರಿಯಿಡೀ ಮಲಗುತ್ತಿದ್ದಳು. ಹೋಗಬೇಕೆಂಬ ಆಸೆ ಮಾತ್ರ ಹಾಗೆಯೇ ಇತ್ತು. ಒಳ್ಳೆಯದೇ ಆಯಿತು.

ಆಗ ಅವಳ ಪಟ್ಟಿ ತೆರೆದೆವು. ಮೊದಲಿಗೆ ಮಂಗಳೂರು. ಘಟ್ಟ ಇಳಿದರೆ ಚಳಿ ತಪ್ಪುತ್ತದೆ, ಮಳೆ ತಪ್ಪುವುದಿಲ್ಲ. ಅಲ್ಲಿಯೂ ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಬೆವರೂ ಒಣಗುವುದಿಲ್ಲ, ಬಟ್ಟೆಯೂ ಒಣಗುವುದಿಲ್ಲ. ಬೆಚ್ಚಗೆ ಎನ್ನುವಾಗ ಅವಳ ಮನಸ್ಸಿನಲ್ಲಿದ್ದುದು ಒಣ ಎಂಬ ಮಾತು ಎನ್ನುವುದು ನಮ್ಮಿಬ್ಬರಿಗೂ ಗೊತ್ತಾದದ್ದು ಮಂಗಳೂರನ್ನು ಹೊಡೆದುಹಾಕಿದಾಗ. ಬಳ್ಳಾರಿ ಒಣಗಿದೆ, ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಜೊತೆಗೆ ಅವಳಿಗೆ ಸರ್ಕಾರಿ ನೌಕರಿಯ ಆಸೆಯೂ ಒಳಗೊಳಗೇ ಇತ್ತು. ಬಳ್ಳಾರಿಯೂ ಸೇರಿದ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಸಂವಿಧಾನದ 371(ಜೆ) ವಿಧಿಯ ಅಡಿ ಹೆಚ್ಚಿನ ಹುದ್ದೆಗಳು ಅಲ್ಲಿನವರಿಗೇ ಮೀಸಲು, ಬಾಡಿಗೆ ಮನೆ ಹಿಡಿದ ಮಾತ್ರಕ್ಕೆ ಶಿವಮೊಗ್ಗದವಳು ಅಲ್ಲಿನವಳಾಗುವುದಿಲ್ಲ. ಇದು ಅವಳಿಗೆ ತಿಳಿದಿರಲಿಲ್ಲ. ಕೊಯಮತ್ತೂರಿನ ಹವೆ ಅವಳು ಕೇಳಿದಂಥದ್ದೇ, ಗೆಳತಿಯೊಬ್ಬಳು ಅಲ್ಲಿದ್ದಳು. ಆದರೆ ಲೆಕ್ಕ ಬರೆಯುವ ಕೆಲಸಕ್ಕೆ ವ್ಯಾಪಾರಿಗಳ ಭಾಷೆ ಬೇಕು, ಅವಳಿಗೆ ತಮಿಳು ಬಾರದು. ಮೈಸೂರನ್ನು ಅವಳೇ ಬಿಟ್ಟಳು, ಕಾರಣ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಧಾರವಾಡ ಅರೆಮಲೆನಾಡು, ಅಲ್ಲಿ ಮತ್ತೆ ಸೋನೆಮಳೆ ಎಂದು ಅವಳಿಗೇ ಭಯ. ಹುಬ್ಬಳ್ಳಿ ಮತ್ತು ದಾವಣಗೆರೆ ಉಳಿದವು.

ಪಟ್ಟಿಯಲ್ಲಿ ಶಿವಮೊಗ್ಗವೇ ಇರಲಿಲ್ಲ. ಆಗುಂಬೆಯಿಂದ ಪೂರ್ವಕ್ಕೆ ಸರಿದಂತೆಲ್ಲ ಮಳೆ ಕುಸಿಯುತ್ತದೆ. ಅವಳು ಕೊಡೆ ಬಿಡಿಸಿಕೊಂಡು ಬಸ್ಸು ಹತ್ತಿ ಇಲ್ಲಿ ಇಳಿಯುವಾಗ ಅನೇಕ ದಿನ ಅದನ್ನು ಮಡಚಿಯೇ ಬರುತ್ತಿದ್ದಳು. ಎರಡೂವರೆ ಗಂಟೆಯ ದಾರಿಯಲ್ಲಿ ಇಷ್ಟು ಒಣ ಊರು ಸಿಗುವಾಗ ಹುಬ್ಬಳ್ಳಿ ಏಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಶಿವಮೊಗ್ಗದಲ್ಲಿದ್ದರೆ ಅಡಿಕೆ ಸುಲಿಯುವಾಗ ಬಾ ಎನ್ನುತ್ತಾರೆ, ನೆಂಟರು ಬಂದಾಗ ಬಾ ಎನ್ನುತ್ತಾರೆ, ಹೋಂಸ್ಟೇಗೆ ಜನ ಜಾಸ್ತಿಯಾದಾಗ ಬಾ ಎನ್ನುತ್ತಾರೆ. ನಾನು ಬರುತ್ತೇನೆ. ಬರುವುದಿಲ್ಲ ಎನ್ನಲು ನನಗೆ ಬರುವುದಿಲ್ಲ."

ನನ್ನ ಮೊದಲಿನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ ಎಂದು ಒಳಗೇ ಸಮಾಧಾನವಾಯಿತು, ಒಪ್ಪಿಕೊಳ್ಳುತ್ತೇನೆ. ಆದರೂ "ಇಲ್ಲ ಎನ್ನುವುದನ್ನು ಕಲಿ" ಎಂದು ಉಪದೇಶಿಸಲಿಲ್ಲ. ಇಪ್ಪತ್ಮೂರು ವರ್ಷ ಹೂಂ ಎಂದವಳಿಗೆ ಒಂದು ಚಳಿಗಾಲದಲ್ಲಿ ಅದು ಬರುವುದಿಲ್ಲ. ಅಲ್ಲಿಯವರೆಗೆ ದೂರವೇ ಅವಳ ಪರವಾಗಿ ಇಲ್ಲ ಎನ್ನಲಿ. ಕರೆದ ಸಂಜೆಯೇ ಬರಲಾಗದಷ್ಟು ದೂರ, ಯಾರಾದರೂ ಆಸ್ಪತ್ರೆ ಸೇರಿದರೆ ಅರ್ಧ ದಿನದಲ್ಲಿ ಬರಬಹುದಾದಷ್ಟು ಹತ್ತಿರ. ದಾವಣಗೆರೆಯಿಂದ ಶಿವಮೊಗ್ಗಕ್ಕೆ ಎರಡು ಗಂಟೆ ಚಿಲ್ಲರೆ, ಆಮೇಲೆ ಮನೆಯ ದಾರಿ. ಲೆಕ್ಕಕ್ಕೆ ಸರಿಹೊಂದಿತು.

ಅವಳು ಆಗಲೇ ಹೊರಟು ನಿಂತಳು. ತಡೆದೆ. ಪುನರ್ವಸು ಮಳೆಯಲ್ಲಿ ಯಾವ ಬಯಲೂ ಸ್ವರ್ಗವಾಗಿ ಕಾಣುತ್ತದೆ, ಡಿಸೆಂಬರಿನಲ್ಲಿ ಎಲ್ಲ ಊರೂ ಚೆನ್ನಾಗಿಯೇ ಇರುತ್ತವೆ. ಊರನ್ನು ಅದರ ಕೆಟ್ಟ ತಿಂಗಳಲ್ಲಿ ನೋಡಬೇಕು. ಏಪ್ರಿಲ್‌ನಲ್ಲಿ ಹದಿನೈದು ದಿನ ದಾವಣಗೆರೆಯ ಪಿ.ಜಿ.ಯೊಂದರಲ್ಲಿ ಇದ್ದು ಬಾ, ನೆಂಟರ ಮನೆಯಲ್ಲಿ ಬೇಡ ಎಂದೆ. ನೆಂಟರು ಒಳ್ಳೆಯ ಕೋಣೆ ಕೊಡುತ್ತಾರೆ, ಅಲ್ಲಿ ಊರು ಗೊತ್ತಾಗುವುದಿಲ್ಲ.

ಹೋದಳು. ನಾಲ್ಕನೆಯ ದಿನ ಮೂಗಿನಲ್ಲಿ ರಕ್ತ ಬಂತೆಂದು ಫೋನ್ ಮಾಡಿದಳು. ಮೇಲಿನ ಮಹಡಿಯ ಕೋಣೆ. ಹಗಲಿಡೀ ಕಾದ ತಾರಸಿ ನಡುರಾತ್ರಿಯವರೆಗೂ ಸೆಕೆ ಉಗುಳುತ್ತದೆ, ನಲ್ಲಿ ನೀರು ಹೊತ್ತು ನೋಡಿ ಬರುತ್ತದೆ. ಚಿಲುಮೆ ನೀರು ಕುಡಿದು ಬೆಳೆದವಳಿಗೆ ಅದೇ ದೊಡ್ಡ ಕಷ್ಟವಾಯಿತು. ನೆಲಮಹಡಿಯ ಕೋಣೆಗೆ ಬದಲಿಸಿಕೊಂಡು ಉಳಿದ ದಿನ ಪೂರೈಸಿದಳು. ಬಂದು ಹೇಳಿದ್ದು: "ಊರು ಆದೀತು. ತಾರಸಿ ಆಗದು." ಪಟ್ಟಿಯ ಏಳು ಊರುಗಳ ಹವಾಮಾನ ಓದಿ ಸಿಗದ ತಿಳಿವಳಿಕೆ ಅದು. ನಾವು ಬದುಕುವುದು ಜಿಲ್ಲೆಯ ಸರಾಸರಿ ಉಷ್ಣಾಂಶದಲ್ಲಲ್ಲ, ಕಿಟಕಿ ಯಾವ ದಿಕ್ಕಿಗಿದೆ ಎಂಬುದರಲ್ಲಿ.

ಹಣದ ಲೆಕ್ಕ ಬೇಗ ಮುಗಿಯಿತು, ಅವಳೇ ಅದರಲ್ಲಿ ಪ್ರವೀಣೆ. ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ತಿಂಗಳಿಗೆ 16,000 ರೂಪಾಯಿಗೆ ಮಾತಾಗಿತ್ತು. ಊಟ ಸೇರಿದ ಹಂಚಿಕೆಯ ಕೋಣೆಗೆ 6,500. ಕೈಯಲ್ಲಿ ಉಳಿತಾಯ 40,000. ನಾನು ಸೇರಿಸಿದ್ದು ಇಷ್ಟೇ: ಮುಂಗಡ ಕೊಟ್ಟ ಮೇಲೂ ಮೂರು ತಿಂಗಳ ಖರ್ಚು ಕೈಯಲ್ಲಿರಬೇಕು, ಇನ್‌ಹೇಲರಿನ ಖರ್ಚನ್ನು ಬಾಡಿಗೆಯ ಪಕ್ಕದಲ್ಲೇ ಬರೆಯಬೇಕು. ಶಿವಮೊಗ್ಗದಲ್ಲೇ 2024ರ ಜನವರಿಯಲ್ಲಿ ಚಾಲನೆ ಪಡೆದ ಯುವನಿಧಿಯ, ಅಂದರೆ ಕೆಲಸವಿಲ್ಲದ ಪದವೀಧರರ ಸರ್ಕಾರಿ ಭತ್ಯೆಯ, ತಿಂಗಳಿಗೆ 3,000 ರೂಪಾಯಿ ಅವಳಿಗೆ ಬರುತ್ತಿತ್ತು. ನೌಕರಿ ಸಿಕ್ಕಿದ ಮೇಲೆ ಅದು ಇಲ್ಲ, ಅದನ್ನು ನಂಬಿ ಬಾಡಿಗೆ ಒಪ್ಪಬೇಡ ಎಂದೆ. ಶಕ್ತಿ ಯೋಜನೆಯಿಂದ ಶಿವಮೊಗ್ಗದವರೆಗಿನ ಸರ್ಕಾರಿ ಬಸ್ಸು ಪುಕ್ಕಟೆ. ಅಲ್ಲಿಂದ ಮುಂದೆ ಮನೆಯವರೆಗೆ ಅವಳ ದಾರಿಯಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. "ಊರಿಗೆ ಬರುವುದರಲ್ಲಿ ಕೊನೆಯ ತುಂಡೇ ದುಬಾರಿ" ಎಂದು ನಕ್ಕಳು.

ಉಳಿದದ್ದು ಮನೆಯಲ್ಲಿ ಹೇಳುವುದು. ನೌಕರಿಗಾಗಿ ಎಂದುಬಿಡಬಹುದಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ. ನಾನು ಬೇಡವೆಂದೆ. ನೌಕರಿ ನೆಪವಾದರೆ, ನಾಳೆ ತೀರ್ಥಹಳ್ಳಿಯಲ್ಲಿ ಯಾವುದೋ ಅಂಗಡಿಯ ಲೆಕ್ಕದ ಕೆಲಸ ಸಿಕ್ಕಿದಾಗ ಅಪ್ಪ ಬಸ್ಸು ಹತ್ತಿ ಕರೆಯಲು ಬರುತ್ತಾರೆ. ಇದ್ದದ್ದನ್ನೇ ಹೇಳು, ಅಪ್ಪ ಒಬ್ಬರೇ ಇರುವಾಗ ಹೇಳು, ಬಿಸಿಲಿನ ದಿನ ಹೇಳು ಎಂದೆ. ಮೇ ತಿಂಗಳ ಒಂದು ಮಧ್ಯಾಹ್ನ, ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿರುವಾಗ ಹೇಳಿದಳಂತೆ: ಅಪ್ಪಾ, ನನಗೆ ಈ ಮಳೆ ತಡೆಯಲು ಆಗುತ್ತಿಲ್ಲ. ಅವರು ಹಪ್ಪಳಕ್ಕೆ ಬಂದ ಕಾಗೆಯನ್ನು ಓಡಿಸಿ, "ನನಗೆ ಆಗುತ್ತದೆ ಎಂದು ಯಾರು ಹೇಳಿದರು" ಎಂದರಂತೆ. ಅಮ್ಮ ಎರಡು ವಾರ ಮಾತು ಬಿಟ್ಟರು.

ಅವಳು ಹೋಗಿ ಈಗ ವರ್ಷದ ಮೇಲಾಯಿತು. ಬಯಲಿನ ಧೂಳಿಗೆ ಎರಡು ಸಲ ಉಬ್ಬಸ ಬಂದಿದೆ, ಔಷಧ ಬಿಟ್ಟಿಲ್ಲ. ಬೆಣ್ಣೆದೋಸೆ ಮೊದಲ ತಿಂಗಳಲ್ಲೇ ಬೇಸರ ಬಂತಂತೆ. ಈ ಸಲದ ಆರಿದ್ರಾ ಮಳೆಯಲ್ಲಿ ಅವಳಿಂದ ಒಂದು ಫೋಟೊ ಬಂತು. ಆಗದು ಎಂದಿದ್ದ ಅದೇ ತಾರಸಿಯ ಮೇಲೆ ಹಗ್ಗ, ಹಗ್ಗದ ಮೇಲೆ ಎರಡು ಕರಿಕಂಬಳಿ. ಅಮ್ಮ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ್ದರಂತೆ, ಒಣಗಿಸಿ ಕಳಿಸು ಎಂದು.