ಶಿರಸಿಯಂಥ ಊರಲ್ಲಿ ಇರೋರು ಯಾವ ಡೇಟಿಂಗ್ ಆ್ಯಪ್‌ಗೆ ದುಡ್ಡು ಕಟ್ಟಬೇಕು?

ನಿಮ್ಮ ಪ್ರಶ್ನೆ ಇಷ್ಟು: ಶಿರಸಿಯಲ್ಲಿ ಮನೆ, ಮನೆಯಿಂದಲೇ ಕೆಲಸ. ಆ್ಯಪ್ ತೆರೆದು ಸ್ವಲ್ಪ ಹೊತ್ತಿಗೇ "ಹತ್ತಿರದಲ್ಲಿ ಯಾರೂ ಇಲ್ಲ" ಅಂತ ಬರುತ್ತೆ. ದುಡ್ಡು ಕಟ್ಟಿದರೆ ಜನ ಸಿಗ್ತಾರಾ?

ನಾನು ಸಾಗರದವನು, ನನ್ನದೂ ಹೆಚ್ಚುಕಮ್ಮಿ ಇದೇ ಕತೆ. ಆ್ಯಪ್ ಆರಿಸೋಕೆ ಮೊದಲು ಊರು ಆರಿಸಿ. ನೀವು ಹೇಗೂ ಹೋಗಿಬರುವ ಊರು ಯಾವುದು? ಹುಬ್ಬಳ್ಳಿಯಾ, ಶಿವಮೊಗ್ಗವಾ? ಅಲ್ಲಿನ ಜನರನ್ನು ಯಾವ ಆ್ಯಪ್ ತೋರಿಸುತ್ತೋ ಅದು ನಿಮ್ಮ ಆ್ಯಪ್.

ಟಿಂಡರ್ ಆ್ಯಪ್‌ನಲ್ಲಿ ಎಷ್ಟು ದೂರದವರು ಕಾಣಬೇಕು ಅನ್ನೋದನ್ನು 160 ಕಿ.ಮೀ. ತನಕ ಎಳೆಯಬಹುದು. ಆದರೆ ಅದು ಲೆಕ್ಕ ಹಾಕೋದು ನೇರ ಗೆರೆ ಎಳೆದು, ರಸ್ತೆ ನೋಡಿ ಅಲ್ಲ. ಶಿರಸಿಯಿಂದ ಅಷ್ಟು ದೂರ ಇಟ್ಟರೆ ಹುಬ್ಬಳ್ಳಿ, ಧಾರವಾಡ, ಶಿವಮೊಗ್ಗ, ದಾವಣಗೆರೆ ಬರುತ್ತವೆ. ಬೆಳಗಾವಿ, ಪಣಜಿಯೂ ಬರುತ್ತವೆ. ಮಂಗಳೂರು, ಬೆಂಗಳೂರು ಬರಲ್ಲ. ಕುಮಟಾ ತೀರಾ ಹತ್ತಿರ ಅಂತ ತೋರಿಸುತ್ತೆ. ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿದು ಹತ್ತೋದು ಎಷ್ಟು ಹತ್ತಿರ ಅಂತ ನಿಮಗೇ ಗೊತ್ತಲ್ವಾ!

ದುಡ್ಡಿನ ವಿಷಯ. ಆ್ಯಪ್‌ಗಳ ದುಡ್ಡು ಕಟ್ಟುವ ಪ್ಲಾನ್‌ಗಳಲ್ಲಿ ಮೊದಲು ಮಾರೋದೇ ಅನ್‌ಲಿಮಿಟೆಡ್ ಲೈಕ್, ಅಂದರೆ ಎಷ್ಟು ಜನರಿಗೆ ಬೇಕಾದರೂ ಲೈಕ್ ಒತ್ತಬಹುದು. ಜನವೇ ಇಲ್ಲದ ಊರಲ್ಲಿ ಅದನ್ನು ತಗೊಳ್ಳೋದು ಸಂತೆ ಇಲ್ಲದ ದಿನ ದೊಡ್ಡ ಚೀಲ ಹಿಡಿದು ಹೋದ ಹಾಗೆ. ನಮ್ಮಂಥವರಿಗೆ ಉಪಯೋಗಕ್ಕೆ ಬರೋದು ಲೊಕೇಶನ್ ಬದಲಿಸುವ ಸೌಲಭ್ಯ ಒಂದೇ, ಟಿಂಡರ್‌ನಲ್ಲಿ ಅದಕ್ಕೆ ಪಾಸ್‌ಪೋರ್ಟ್ ಅಂತಾರೆ. ಬೆಂಗಳೂರಿಗೆ ಹೋಗುವ ಪ್ಲಾನ್ ಇದ್ದರೆ ಹೋಗುವ ಮುಂಚಿನ ವಾರಕ್ಕೆ ಮಾತ್ರ ಕಟ್ಟಿ. ವರ್ಷದ್ದು ಖಂಡಿತ ಬೇಡ.

ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಪುಕ್ಕಟೆ ಉಪಾಯ. ಪ್ರೊಫೈಲ್‌ನ ಮೊದಲ ಸಾಲಲ್ಲೇ "ಇರೋದು ಸಾಗರ, ಶನಿವಾರ ಶಿವಮೊಗ್ಗದಲ್ಲಿ ಸಿಗ್ತೀನಿ" ಅಂತ ಬರೆದೆ. "ಅಯ್ಯೋ ಅಷ್ಟು ದೂರಾನಾ" ಅನ್ನೋ ಮೆಸೇಜು ಅಲ್ಲಿಗೆ ನಿಂತಿತು. "ಯಾವ ಶನಿವಾರ?" ಅಂತ ಕೇಳೋರು ಉಳಿದರು.

ಓಕೆಕ್ಯುಪಿಡ್ 2004ರಿಂದ ಇರುವ ಹಳೇ ಸೈಟು. ಪ್ರಶ್ನೆಗಳಿಗೆ ಉತ್ತರಿಸಿದರೆ ಇಬ್ಬರ ಅಭಿಪ್ರಾಯ ಎಷ್ಟು ಕೂಡುತ್ತೆ ಅಂತ ಶೇಕಡಾ ಲೆಕ್ಕ ತೋರಿಸುತ್ತೆ. ದೂರದವರನ್ನು ನೋಡೋಕೆ ನನಗೆ ಇದು ಇಷ್ಟ. ಬಸ್ ಹತ್ತುವ ಮೊದಲೇ ಅರ್ಧ ವಿಷಯ ಗೊತ್ತಾಗಿರುತ್ತೆ. ಬಂಬಲ್ ಆ್ಯಪ್‌ನಲ್ಲಿ ಮ್ಯಾಚ್ ಆದ, ಅಂದರೆ ಇಬ್ಬರೂ ಒಬ್ಬರಿಗೊಬ್ಬರು ಲೈಕ್ ಒತ್ತಿದ, 24 ಗಂಟೆಯೊಳಗೆ ಮಾತು ಶುರುವಾಗದಿದ್ದರೆ ಮ್ಯಾಚೇ ಹೋಯ್ತು. ಆಷಾಢದಲ್ಲಿ ಕರೆಂಟ್ ಹೋಗಿ, ಅಂಗಳದ ಮೂಲೇಲಿ ನಿಂತರಷ್ಟೇ ನೆಟ್‌ವರ್ಕ್ ಸಿಗುವ ನಮಗೆ ಇದು ಸ್ವಲ್ಪ ಕಷ್ಟ. ಐಲ್ ಅನ್ನೋ ಡೇಟಿಂಗ್ ಆ್ಯಪ್‌ನವರು ಕನ್ನಡಿಗರಿಗೆ ಅಂತಲೇ 'ನೀನೆ' ಅನ್ನೋ ಆ್ಯಪ್ ತಂದರು. ಮಾತು ಸುಲಭ, ಆದರೆ ಜನ ಕಮ್ಮಿ.

ಮ್ಯಾಟ್ರಿಮೊನಿ ಸೈಟಲ್ಲಿ ನಮ್ಮ ಕಡೆಯವರು ಸಿಕ್ಕಾಪಟ್ಟೆ ಇದ್ದಾರೆ ಅಂತ ಸುಮ್ನೆ ಅಲ್ಲಿ ಹೋಗಬೇಡಿ. ಅವು ಮದುವೆಗೆ ಮಾತ್ರ, ಡೇಟಿಂಗ್‌ಗೆ ಅಲ್ಲ ಅಂತ 2016ರಲ್ಲೇ ಕೇಂದ್ರ ಸರ್ಕಾರ ಸೂಚನೆ ಕೊಟ್ಟಿದೆ. ಅಲ್ಲಿ ಫೋನ್ ಮಾಡೋದೂ ಎಷ್ಟೋ ಸಲ ಅಪ್ಪನೋ ಮಾವನೋ.

ಊರವರು ನೋಡಿಬಿಟ್ಟರೆ ಅನ್ನೋ ಭಯ ಇದ್ದರೆ ಟಿಂಡರ್‌ನಲ್ಲಿ ಕಾಂಟ್ಯಾಕ್ಟ್ ಬ್ಲಾಕ್ ಮಾಡುವ ಆಯ್ಕೆ ಇದೆ. ನಿಮ್ಮ ಚಿಕ್ಕಮ್ಮನ ಮಗನ ನಂಬರ್ ಮರೀಬೇಡಿ. ದೂರದವರ ಜೊತೆ ಮಾತಾಡುವಾಗ ಮೊದಲು ವಿಡಿಯೋ ಕಾಲ್ ಮಾಡಿ. ಮುಖ ತೋರಿಸದೆ ದುಡ್ಡಿನ ಮಾತು ಎತ್ತಿದರೆ ಬ್ಲಾಕ್ ಮಾಡಿ. ದುಡ್ಡು ಕಳಿಸಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು, ದೀಪಾವಳಿಗೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಹೊರಗಿರೋರೆಲ್ಲ ಊರಿಗೆ ಬರ್ತಾರೆ, ಅವರ ಫೋನೂ ಜೊತೆಗೇ ಬರುತ್ತೆ. ಆ ವಾರ ಒಂದು ಪೈಸೆ ಕಟ್ಟದೆ ಆ್ಯಪ್ ತೆರೆದು ನೋಡಿ. ನೀವು ಹುಬ್ಬಳ್ಳಿ ಕಡೆ ಎಷ್ಟು ಸಲ ಹೋಗ್ತೀರಿ ಅಂತ ಬರೆದಿಲ್ಲ. ಅದನ್ನು ಕಾಮೆಂಟಲ್ಲಿ ಹೇಳಿದರೆ ಪ್ರೊಫೈಲ್ ಸಾಲು ಬರೆಯೋಕೆ ನಾನೂ ಕೈಜೋಡಿಸ್ತೀನಿ.