ರೆಕಾರ್ಡಿಗೆ ಮುಳ್ಳು ಇಳಿಸಿದ ಮೇಲೆ ಬರೆಯಿರಿ

ನಮಸ್ಕಾರ. ಅಮೆರಿಕದ ರಾಕ್ ತಂಡ ಆಲ್‌ಮನ್ ಬ್ರದರ್ಸ್ ಬ್ಯಾಂಡಿನ ಎಲ್‌ಪಿ ರೆಕಾರ್ಡುಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಇಸವಿಗಳು ಸರಿಯಿವೆ. ಆದರೆ ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾರೆ. ಈ ರೆಕಾರ್ಡುಗಳು ನನಗೂ ತುಂಬಾ ಬೇಕಾದವು, ಅದಕ್ಕೇ ಬಿಚ್ಚಿ ಹೇಳುತ್ತಿದ್ದೇನೆ.

ಸಭಿಕರ ಮುಂದೆ ನುಡಿಸಿ ಮುದ್ರಿಸಿದ, 1971ರ ಜೋಡಿ ಎಲ್‌ಪಿ ‘ಅಟ್ ಫಿಲ್‌ಮೋರ್ ಈಸ್ಟ್’ಗೆ ಮೂರು ಪ್ಯಾರಾ ಕೊಟ್ಟಿದ್ದೀರಿ. ಒಂದರಲ್ಲಿ ಕವರ್ ಎಷ್ಟು ಹೊಸದಾಗಿ ಉಳಿದಿದೆ ಎಂಬುದು, ಇನ್ನೊಂದರಲ್ಲಿ ಲೇಬಲ್ಲಿನ ಬಣ್ಣ, ಮತ್ತೊಂದರಲ್ಲಿ ನೀವು ಕೊಟ್ಟ ದುಡ್ಡು. ಸಂಗೀತಕ್ಕೆ ಸಿಕ್ಕಿದ್ದು ಒಂದೇ ಸಾಲು: “ಡ್ವೇನ್ ಅವರ ಸ್ಲೈಡ್ ಗಿಟಾರ್ ಅದ್ಭುತವಾಗಿದೆ.” ಓದುವವರಿಗೆ ಇದರಿಂದ ಏನೂ ಕೇಳಿಸುವುದಿಲ್ಲ. ಬ್ಯಾಂಡಿನ ಗಿಟಾರ್ ವಾದಕ ಡ್ವೇನ್ ಆಲ್‌ಮನ್ ಸ್ಲೈಡ್ ನುಡಿಸಲು ಬೆರಳಿಗೆ ಹಾಕಿಕೊಳ್ಳುತ್ತಿದ್ದದ್ದು ನೆಗಡಿ ಮಾತ್ರೆಯ ಖಾಲಿ ಗಾಜಿನ ಬಾಟಲಿ. ಅದು ತಂತಿಯ ಮೇಲೆ ಜಾರಿದಾಗ ಯಾರೋ ಗಂಟಲು ಬಿಟ್ಟು ಕೂಗಿದ ಹಾಗಿರುತ್ತದೆ. ಆ ಬಾಟಲಿ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಮುಂದಿನ ಸಾಲು: “ಮೌಂಟನ್ ಜ್ಯಾಮ್ ಎರಡು ತುಂಡಾಗಿರುವುದು ದೊಡ್ಡ ಲೋಪ.” ಇಲ್ಲಿ ನನಗೆ ನಿಜವಾಗಿ ಬೇಜಾರಾಯಿತು. ಫಿಲ್‌ಮೋರ್ ರೆಕಾರ್ಡಿನ ನಾಲ್ಕನೇ ಬದಿ ಪೂರ್ತಿ ‘ವಿಪಿಂಗ್ ಪೋಸ್ಟ್’ ಹಾಡು, ಸುಮಾರು 23 ನಿಮಿಷ. ಅದು ಮುಗಿಯುವಾಗ, ಚಪ್ಪಾಳೆಯ ನಡುವೆ, ‘ಮೌಂಟನ್ ಜ್ಯಾಮ್’ ಎಂಬ ಮುಂದಿನ ಸಂಗೀತ ಶುರುವಾಗಿದ್ದು ಕೇಳಿಸುತ್ತದೆ. ಅಷ್ಟರಲ್ಲಿ ಬದಿ ಮುಗಿದೇಹೋಗುತ್ತದೆ. ಆ ಸಂಗೀತ ಪೂರ್ತಿ ಸಿಕ್ಕಿದ್ದು ಬ್ಯಾಂಡಿನ 1972ರ ಜೋಡಿ ಎಲ್‌ಪಿ ‘ಈಟ್ ಎ ಪೀಚ್’ನಲ್ಲಿ. ಅದು 33 ನಿಮಿಷದ್ದು, ಒಂದು ಬದಿಯಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಎರಡನೇ ಬದಿಯಲ್ಲಿ ಅರ್ಧ, ನಾಲ್ಕನೇ ಬದಿಯಲ್ಲಿ ಉಳಿದರ್ಧ. ನಡುವೆ ಎದ್ದು ಒಂದು ರೆಕಾರ್ಡ್ ತೆಗೆದು ಇನ್ನೊಂದನ್ನು ಹಾಕಬೇಕು. ಆಗ ಮನೆಯೊಳಗೆ ಬರುವ ಮೌನ ಎಂಥದ್ದು? ನಿಮ್ಮ ಬಳಿ ಎರಡೂ ಆಲ್ಬಮ್ ಇವೆ. ನೀವು ಬರೆಯಬೇಕಿದ್ದದ್ದು ಇದನ್ನು, ಅಲ್ವಾ?

ಕೊನೆಯ ಪುಟದಲ್ಲಿ ಡ್ವೇನ್ “ಬಾರದ ಲೋಕಕ್ಕೆ ತೆರಳಿದರು” ಎಂದಿದ್ದೀರಿ. ಅವರು 1971ರ ಅಕ್ಟೋಬರ್ 29ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಸತ್ತರು. ವಯಸ್ಸು 24. ಫಿಲ್‌ಮೋರ್ ರೆಕಾರ್ಡ್ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಮರುವರ್ಷ ನವೆಂಬರಿನಲ್ಲಿ ಬಾಸ್ ಗಿಟಾರಿನ ಬೆರಿ ಓಕ್ಲಿ ಅದೇ ಊರಲ್ಲಿ, ಅಲ್ಲೇ ಹತ್ತಿರದಲ್ಲಿ, ಮೋಟಾರ್‌ಸೈಕಲ್ ಅಪಘಾತಕ್ಕೆ ಸಿಕ್ಕಿ ಹೋದರು. ಅವರಿಗೂ 24. ಹೀಗೆ ಸುಮ್ನೆ ಹೇಳಿದರೇ ಎದೆ ಭಾರವಾಗುತ್ತದೆ.

ನಾನು ವಾರಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಾರ್ಮೋನಿಯಂ ವಾದಕರ ಸಾವಿನ ಬಗ್ಗೆ ಬರೆದಿದ್ದೆ. ಅದರಲ್ಲೂ ಇದೇ ‘ಬಾರದ ಲೋಕ’ ಇತ್ತು. ನಮ್ಮ ಹಿರಿಯ ಉಪಸಂಪಾದಕರು ಅದಕ್ಕೆ ಕೆಂಪು ಗೆರೆ ಎಳೆದು, “ಅವರ ಪೆಟ್ಟಿಗೆ ಈಗ ಎಲ್ಲಿದೆ?” ಎಂದು ಕೇಳಿದರು. ಗೊತ್ತಿರಲಿಲ್ಲ. ಮತ್ತೆ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಹೆಂಡತಿ ಹಾರ್ಮೋನಿಯಂ ಹೊರಗೆ ತಂದು, ಹೊದಿಸಿದ್ದ ಪಂಚೆ ಸರಿಸಿದರು. ಅದರ ನಡುವಿನ ಏಳೆಂಟು ಕೀಲಿಗಳು ಸವೆದು ಹಳ್ಳ ಬಿದ್ದಿದ್ದವು. ಊರಿಗೆ ವಾಪಸಾಗುವಾಗ ಬಸ್ಸಿನಲ್ಲೇ ಕೂತು ಎಲ್ಲವನ್ನೂ ಹೊಸದಾಗಿ ಬರೆದೆ.

ಬೆಲೆಯ ಪ್ಯಾರಾ ತೆಗೆದುಬಿಡಿ. ಒಂದು ಸಂಜೆ ಬಿಡುವು ಮಾಡಿಕೊಂಡು ಎರಡೂ ಆಲ್ಬಮ್ಮನ್ನು ಕೊನೆಯವರೆಗೆ ಕೇಳಿ, ಆಮೇಲೆ ಬರೆದು ಕಳಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.